ಬಸುರಿ ಮನೆಗೆ ಬರಬಾರದ ಪುಸ್ತಕ

ನನ್ನ ಹೆಸರು ಕೆಂಪಮ್ಮ. ಹೆಸರು ಕೇಳಿದವರು ಒಂದು ಸಲ ನನ್ನ ಮುಖ ನೋಡುತ್ತಾರೆ, ಆಮೇಲೆ ಬೇರೆ ಕಡೆ ನೋಡುತ್ತಾರೆ. ಬ್ಯಾಂಕಿನಲ್ಲಿ ಕೂತಿದ್ದ ಹುಡುಗ ಮಾತ್ರ ನೇರವಾಗಿ ನಕ್ಕುಬಿಟ್ಟ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ನಮ್ಮ ಸೀಮೆಯಲ್ಲಿ ಬೆಳ್ಳಗಿರುವವರನ್ನು ಕೆಂಪಗಿದ್ದಾರೆ ಅನ್ನುತ್ತೇವೆ. ನಾನು ಬಾಣಲೆಯ ತಳದ ಹಾಗಿದ್ದೇನೆ. ನಮ್ಮವ್ವ ನನಗೆ ತನ್ನ ಅತ್ತೆಯ ಹೆಸರಿಟ್ಟಳು, ಬಣ್ಣ ಮಾತ್ರ ಅತ್ತೆ ತಾನೇ ಇಟ್ಟುಕೊಂಡು ಹೋದಳು.

ನಾಗಮಂಗಲ ತಾಲೂಕಿನಲ್ಲಿ, ದೇವಲಾಪುರದಿಂದ ಒಳಕ್ಕೆ ಹೋದರೆ ನಮ್ಮೂರು. ಅಲ್ಲಿ ಹೆಣ್ಣು ನೋಡಿ ಬಂದವರನ್ನು ಮೊದಲು ಕೇಳುವುದು, "ಎಂಗವ್ಳೆ?" ಅಂತ. "ಕೆಂಪಗವ್ಳೆ" ಅಂದರೆ ಮಾತು ಮುಗಿಯಿತು. "ಎಣ್ಣೆಗೆಂಪು" ಅಂದರೆ ಮಾತು ಮುಂದುವರಿಯಬಹುದು. "ಕಪ್ಪಗವ್ಳೆ, ಆದ್ರೂ ಲಕ್ಷಣವಾಗವ್ಳೆ" ಅಂದರೆ, ನೋಡಲು ಹೋದವರಿಗೆ ಆ ಮನೆಯಲ್ಲಿ ಊಟ ಚೆನ್ನಾಗಿ ಹಾಕಿದ್ದಾರೆ ಎಂದು ತಿಳಿಯಬೇಕು. ನನ್ನ ಪಾಲಿಗೆ ಬಂದದ್ದು ಈ ಕೊನೆಯದು. 'ಆದ್ರೂ' ಎಂಬ ಮಾತಿನ ಜೊತೆ ನಾನು ಗಂಡನ ಜೊತೆಗಿಂತ ಹೆಚ್ಚು ಕಾಲ ಬಾಳಿದ್ದೇನೆ. ಗಂಡ ಹೋದ, ಅದು ಇನ್ನೂ ಗಟ್ಟಿಮುಟ್ಟಾಗಿದೆ.

ಹಾಗಂತ ನಮ್ಮವರಿಗೆ ಕಪ್ಪು ಕಂಡರೆ ಆಗದು ಎಂದು ತಿಳಿಯಬೇಡಿ. ಮುದ್ದೆ ಕಪ್ಪು, ದಿನಾ ನುಂಗುತ್ತೇವೆ. ಕರಿ ಹಸುವಿನ ಹಾಲು ಮಕ್ಕಳಿಗೆ ಒಳ್ಳೆಯದೆಂದು ಊರೂರು ಹುಡುಕಿಕೊಂಡು ಹೋಗುತ್ತೇವೆ. ಕರಿ ಕಂಬಳಿ ಹಾಸದೆ ಕೆಲವು ಮನೆಗಳಲ್ಲಿ ದೇವರ ಕಾರ್ಯವೇ ನಡೆಯುವುದಿಲ್ಲ. ಗುಡಿಯೊಳಗೆ ಕೂತಿರುವ ಕಲ್ಲಿನ ದೇವರು ಎಣ್ಣೆ ಕುಡಿದೂ ಕುಡಿದೂ ನನಗಿಂತ ಕಪ್ಪಗಿದ್ದಾನೆ. ಅವನ ಮುಂದೆಯೇ ನಿಂತು, "ಕೆಂಪಗಿರೋ ಮೊಮ್ಮಗ ಕೊಡಪ್ಪ" ಎಂದು ಕೈ ಮುಗಿಯುತ್ತಾರೆ. ಕೇಳಿಸಿಕೊಂಡೂ ಸುಮ್ಮನಿರುತ್ತಾನಲ್ಲ, ಅದಕ್ಕೇ ಅವನು ದೇವರು. ನಾನಾಗಿದ್ದರೆ ಪೀಠ ಬಿಟ್ಟು ಎದ್ದು ಬಂದು ಒಂದು ಬಾರಿಸುತ್ತಿದ್ದೆ.

ಇಷ್ಟು ಪೀಠಿಕೆ ಹಾಕಿದ್ದು ಒಂದು ಪುಸ್ತಕದ ವಿಚಾರ ಹೇಳಲಿಕ್ಕೆ. ನಾನು ಪುಸ್ತಕದ ವಿಚಾರ ಆಡುವುದೂ ಒಂದೇ, ಕೋಳಿ ಈಜಿನ ವಿಚಾರ ಆಡುವುದೂ ಒಂದೇ. ನಾನು ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ಊರಿಗೆ ಸಾಕ್ಷರತೆಯವರು ಬಂದು ದೊಡ್ಡವರನ್ನೆಲ್ಲ ಸ್ಲೇಟು ಹಿಡಿಸಿ ಕೂರಿಸಿದ ಕಾಲದಲ್ಲಿ. ದಪ್ಪ ಅಕ್ಷರವಾದರೆ ಬೆರಳಿಟ್ಟು ಓದುತ್ತೇನೆ. ಸಣ್ಣ ಅಕ್ಷರ ಇರುವೆ ಸಾಲಿನ ಹಾಗೆ, ನೋಡುತ್ತಿರುವಾಗಲೇ ಎಲ್ಲಿಗೋ ಹೊರಟುಹೋಗುತ್ತದೆ. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದರೆ, ಜಗಳಗಂಟಿಯ ಮನೆ ಮುಂದೆ ಹೋಗುವಾಗ ಬಿರಬಿರನೆ ನಡೆಯುವಂತೆ ದಾಟಿಬಿಡುತ್ತೇನೆ. ಹೀಗಾಗಿ ಮಕ್ಕಳ ಚಿತ್ರದ ಪುಸ್ತಕವೆಂದರೆ ನನ್ನ ಅಳತೆ ಕೊಟ್ಟು ಹೊಲಿಸಿದ ರವಿಕೆ.

ನಮ್ಮೂರ ಸರ್ಕಾರಿ ಶಾಲೆಗೆ ಹೋದ ವರ್ಷ ಶೋಭಾ ಎಂಬ ಹುಡುಗಿ ಅತಿಥಿ ಶಿಕ್ಷಕಿಯಾಗಿ ಬಂದಳು. ಕೆ.ಆರ್. ಪೇಟೆ ಕಡೆಯವಳು, ಸಂತೆಬಾಚಹಳ್ಳಿಯಿಂದ ಬಸ್ಸು ಬದಲಿಸಿ ಬರುತ್ತಿದ್ದಳು. ಅತಿಥಿ ಅನ್ನುವುದು ಹೆಸರಿಗೆ, ಉಪಚಾರ ಏನೂ ಇಲ್ಲ. ವರ್ಷ ಮುಗಿದರೆ ಅತಿಥಿ ಎದ್ದು ಹೋಗಬೇಕು. ಈ ಹುಡುಗಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಇಂಗ್ಲಿಷಿನ ಚಿತ್ರದ ಪುಸ್ತಕ ತಂದಿದ್ದಳು, ಅವಳ ಜೊತೆ ಓದಿದ ಗೆಳತಿಯೊಬ್ಬಳು ಕಳಿಸಿದ್ದಂತೆ. ಪುಟಪುಟಕ್ಕೂ ತಾನೇ ದುಂಡಗೆ ಕನ್ನಡದಲ್ಲಿ ಬರೆದು ಚೀಟಿ ಅಂಟಿಸಿದ್ದಳು. ಶನಿವಾರ ಬೆಳಗಿನ ಶಾಲೆಗೆ ಊರಿನ ಅಜ್ಜಿಯರು ಬಂದು ಮಕ್ಕಳಿಗೆ ಕಥೆ ಹೇಳಬೇಕೆಂದು ಮನೆಮನೆಗೆ ಬಂದು ಕರೆದಳು. ಮಿಕ್ಕ ಅಜ್ಜಿಯರಿಗೆ ಹಸು ಇತ್ತು, ಮಂಡಿನೋವಿತ್ತು. ನನಗೂ ಎರಡೂ ಇದ್ದವು, ಆದರೆ ಮನೆಯಲ್ಲಿ ಆಗ ನಮ್ಮ ಬೀಗಿತಿ ಇದ್ದರು. ಹಾಗಾಗಿ ಶಾಲೆಗೆ ಹೋದೆ.

"ನಂಗೆ ಕತೆ ಬರಕ್ಕಿಲ್ಲ ಮಿಸ್ಸು, ಬಯ್ಯಕ್ ಬತ್ತದೆ," ಅಂದೆ.

"ಸರಿ ಅಜ್ಜಿ, ಹಂಗಾದ್ರೆ ಇದನ್ನ ಓದಿ. ಬೈಯೋದು ಆಮೇಲೆ," ಎಂದು ಒಂದು ಪುಸ್ತಕ ಕೈಗಿಟ್ಟಳು.

ರಟ್ಟಿನ ಮೇಲೆ ಒಬ್ಬಳು ಹುಡುಗಿ. ಕಪ್ಪು ಅಂದರೆ ಒಳ್ಳೆಯ ಕಪ್ಪು, ಮಳೆ ಬಿದ್ದ ಎರೆಹೊಲದ ಕಪ್ಪು. ತಲೆತುಂಬ ಸಣ್ಣ ಸಣ್ಣ ಜಡೆ. ದೊಡ್ಡದೊಂದು ಕುಂಬಳಕಾಯಿಯನ್ನು ಎರಡು ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು ನಗುತ್ತಿದ್ದಳು. ಕಥೆ ದೊಡ್ಡದೇನೂ ಇಲ್ಲ. ಅವಳು ಅಜ್ಜಿಯ ಜೊತೆ ಸಂತೆಗೆ ಹೋಗುತ್ತಾಳೆ. ಬರುವಾಗ ಅಜ್ಜಿಯ ಚೀಲ ಹರಿಯುತ್ತದೆ. ಕುಂಬಳಕಾಯಿಯನ್ನು ಹುಡುಗಿಯೇ ಹೊರುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಇಲ್ಲಿ ಕೊಡು ಅನ್ನುತ್ತಾರೆ, ಅವಳು ಕೊಡುವುದಿಲ್ಲ. ಮನೆ ತಲುಪುತ್ತಾರೆ, ಬೇಯಿಸುತ್ತಾರೆ, ಎಲ್ಲರೂ ಕೂತು ಉಣ್ಣುತ್ತಾರೆ. ನಾನು ಮಕ್ಕಳಿಗೆ ಕೇಳುವಂತೆ ಬೆರಳಿಟ್ಟು ಓದುತ್ತಾ ಒಂದನ್ನೇ ಕಾಯುತ್ತಿದ್ದೆ. ಯಾರಾದರೂ ಒಬ್ಬರು ಈಗ ಅವಳ ಮುಖ ನೋಡಿ 'ಆದ್ರೂ' ಅನ್ನುತ್ತಾರೆ ಅಂತ. ಕೊನೆಯ ಪುಟ ಬಂತು, ಯಾರೂ ಅನ್ನಲಿಲ್ಲ. ಬೇಕಾದಷ್ಟು ಜನ ದಾರಿಯಲ್ಲಿ ಸಿಕ್ಕಿದರಲ್ಲ, ಒಬ್ಬರಿಗಾದರೂ ಬಾಯಿ ಇರಲಿಲ್ಲವೇ ಎಂದು ನನಗೆ ಆಶ್ಚರ್ಯ.

ಪುಸ್ತಕದಲ್ಲಿ ಇರಲಿಲ್ಲ, ನಮ್ಮ ಶಾಲೆಯಲ್ಲಿತ್ತು. ಚಂದನ್ ಎಂಬ ಹುಡುಗ ಎದ್ದು ನಿಂತು, "ಲೇ, ಇವ್ಳು ನಮ್ ಭವ್ಯನಂಗವ್ಳೆ ಕಣ್ರಲಾ," ಅಂದ. ಕೋಣೆಯೆಲ್ಲ ನಕ್ಕಿತು. ಭವ್ಯಾ ನನ್ನ ಮಗನ ಮಗಳು, ಎರಡನೇ ಕ್ಲಾಸು, ನನ್ನದೇ ಬಣ್ಣ. ತಲೆ ಬಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತ ಕೂತಳು.

"ಅಜ್ಜಿ, ಇವ್ರು ಯಾಕೆ ಇಷ್ಟ್ ಕಪ್ಪಗವ್ರೆ?" ಎಂದ ಅದೇ ಚಂದನ್.

"ನೀನ್ಯಾಕ್ಲಾ ಗೊಣ್ಣೆ ಸುರ್ಸ್ಕಂಡ್ ಕೂತಿದ್ದೀಯೆ? ನಿಂದು ಒರ್ಸುದ್ರೆ ಓಯ್ತದೆ. ಇದು ಉಟ್ಟಿದ್ದೇ ಅಂಗೆ."

ಮಿಸ್ಸು ನನ್ನನ್ನು ತಡೆದು ಮಕ್ಕಳಿಗೆ ಬಿಡಿಸಿ ಹೇಳಿದಳು. ಇದನ್ನು ಬರೆದವರೂ ಕಪ್ಪು ಜನವಂತೆ, ಅಮೆರಿಕದವರು. ಅವರ ಮುತ್ತಾತಂದಿರನ್ನು ಆಫ್ರಿಕಾದಿಂದ ಹಡಗಿಗೆ ತುಂಬಿಕೊಂಡು ಹೋಗಿ, ದನದ ಸಂತೆಯಲ್ಲಿ ಮಾರುವ ಹಾಗೆ ಹಲ್ಲು ನೋಡಿ ಮಾರಿದರಂತೆ. ಆಮೇಲೆ ಬಿಡುಗಡೆಯಾಗಿ ಶಾಲೆಗೆ ಹೋದರೆ, ಪುಸ್ತಕದಲ್ಲೆಲ್ಲ ಬಿಳಿ ಮಕ್ಕಳೇ ಆಡುತ್ತಿದ್ದರು, ಬಿಳಿ ಮಕ್ಕಳೇ ಉಣ್ಣುತ್ತಿದ್ದರು. ತಮ್ಮ ಮಕ್ಕಳು ಎಷ್ಟು ದಿನ ಬೇರೆಯವರ ಮನೆ ಕಿಟಕಿಯಲ್ಲಿ ಇಣುಕಬೇಕು ಎಂದು ಅವರೇ ಬರೆಯಲು ಕೂತರಂತೆ. ನಾನು ಗೋಡೆ ನೋಡಿದೆ. ಅಲ್ಲಿ ಅಕ್ಷರಮಾಲೆಯ ಪಟವಿದೆ, ಮೊದಲನೆಯ ಮನೆಯಲ್ಲಿ ಅಮ್ಮ ಇದ್ದಾಳೆ, ಗುಲಾಬಿ ಬಣ್ಣದ ಅಮ್ಮ. ನಮ್ಮೂರ ಯಾವ ಹಟ್ಟಿಯಲ್ಲೂ ನಾನು ಆ ಬಣ್ಣದ ಅಮ್ಮನನ್ನು ಕಂಡಿಲ್ಲ. ನಮ್ಮನ್ನು ಯಾರೂ ಹಡಗಿಗೆ ತುಂಬಲಿಲ್ಲ, ನಾವೇ ಹೋಗಿ ಹತ್ತಿಕೊಂಡೆವು.

ಆಗ ಭವ್ಯಾ ತಲೆಯೆತ್ತಿದಳು. "ಮಿಸ್ಸು, ಅವ್ಳ ಅಂಗೈ ನೋಡಿ, ಬೆಳ್ಳಗೈತೆ. ಅಂಗಾಲೂ ಅಷ್ಟೇ. ನಂದೂ ಇಂಗೇ," ಎಂದು ಕೈ ಬಿಡಿಸಿ ತೋರಿಸಿದಳು. ನಿಜ, ಬರೆದವರು ಅಂಗೈಯನ್ನು ಬೇರೆ ಬಣ್ಣದಲ್ಲಿ ಬರೆದಿದ್ದರು. ಕಪ್ಪು ಮಗುವನ್ನು ಹತ್ತಿರದಿಂದ ಎತ್ತಿಕೊಂಡವರಿಗೆ ಮಾತ್ರ ಅದು ಗೊತ್ತಿರುತ್ತದೆ. ಮಕ್ಕಳೆಲ್ಲ ತಂತಮ್ಮ ಅಂಗೈ ನೋಡಿಕೊಂಡರು. ಚಂದನ್ ಕೂಡ ಗೊಣ್ಣೆ ಒರೆಸಿದ ಕೈಯನ್ನು ಚಡ್ಡಿಗೆ ಉಜ್ಜಿ ನೋಡಿಕೊಂಡ.

ವಾರಕ್ಕೊಂದು ಪುಸ್ತಕವನ್ನು ಮಕ್ಕಳು ಮನೆಗೊಯ್ದು ಸೋಮವಾರ ತರುವುದು ಮಿಸ್ಸು ಮಾಡಿದ ಏರ್ಪಾಟು. ಆ ಶನಿವಾರ ಭವ್ಯಾ ಕುಂಬಳಕಾಯಿಯ ಪುಸ್ತಕವನ್ನೇ ಕೇಳಿ ಮನೆಗೆ ತಂದಳು.

ಈಗ ಬೀಗಿತಿಯ ವಿಚಾರ ಹೇಳಬೇಕು. ನನ್ನ ಸೊಸೆ ಸವಿತಳ ತಾಯಿ, ಹೆಸರು ಜಯಮ್ಮ, ಪಾಂಡವಪುರದ ಕಡೆ ನಾಲೆ ನೀರಿನ ಸೀಮೆಯವರು. ನಾಲೆ ನೀರು ಕುಡಿದವರಿಗೆ ಬಣ್ಣ ಬರುತ್ತದೆ ಎಂದು ಹೇಳಿಕೊಳ್ಳುತ್ತಾರೆ. ಬಣ್ಣ ಇದೆ, ಇಲ್ಲ ಅನ್ನಲಾರೆ. ಸವಿತಳ ಮೊದಲ ಹೆರಿಗೆ ಅವರ ಮನೆಯಲ್ಲಾಯಿತು. ಭವ್ಯಾ ಹುಟ್ಟಿದಾಗ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡಲು ಹೋದವರನ್ನು ಬೀಗಿತಿ ತಡೆದು, "ಇಟ್ರೂ ಕಾಣಕ್ಕಿಲ್ಲ ಬುಡಿ, ಕಾಡ್ಗೆ ದಂಡ," ಅಂದರಂತೆ. ಬಾಣಂತಿ ಮನೆಯೆಲ್ಲ ನಕ್ಕಿತಂತೆ. ಆ ಮಾತನ್ನು ಹಬ್ಬಕ್ಕೊಮ್ಮೆ ಹೊರಗೆ ತೆಗೆದು, ಹಪ್ಪಳದ ಹಾಗೆ ಬಿಸಿಲಿಗೆ ಹಾಕಿ, ಮತ್ತೆ ನಗುವುದು ಅವರ ಮನೆಯ ವಾಡಿಕೆ. ಅದು ತನ್ನ ಮೇಲಿನ ಮಾತು ಎಂದು ತಿಳಿಯುವ ಮೊದಲು ಭವ್ಯಾಳೂ ಅವರ ಜೊತೆ ನಗುತ್ತಿದ್ದಳು. ತಿಳಿದ ಮೇಲೆ ನಗುವುದನ್ನು ಬಿಟ್ಟಳು. ಯಾರೂ ಗಮನಿಸಲಿಲ್ಲ.

ಸವಿತಾ ಮತ್ತೆ ಬಸುರಿಯಾದಾಗ ಬೀಗಿತಿ ತಾವೇ ಬಂದು ನಮ್ಮ ಮನೆಯಲ್ಲಿ ಇಳಿದರು, ಒಂದು ಕ್ಯಾಲೆಂಡರಿನ ಸಮೇತ. ಅದರಲ್ಲಿ ಬೆಣ್ಣೆಯ ಮುದ್ದೆಯಂಥ ಮಗು, ನೀಲಿ ಕಣ್ಣು, ಯಾವ ದೇಶದ್ದೋ. ಮಂಚದ ಎದುರಿಗೆ ಮೊಳೆ ಹೊಡೆದು ನೇತುಹಾಕಿದರು. ಬಸುರಿ ಕಣ್ಣು ಬಿಟ್ಟಾಗ ಏನು ಕಾಣುತ್ತಾಳೋ ಅದು ಹೊಟ್ಟೆಗೆ ಇಳಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದೇ ನಿಜವಾದರೆ ನನ್ನ ಮಗ ಮಹೇಶ ತೊಲೆಯ ಹಾಗೆ ಹುಟ್ಟಬೇಕಿತ್ತು. ನಾನು ಅವನನ್ನು ಹೊತ್ತು ಮಲಗಿದಾಗ ಕಾಣುತ್ತಿದ್ದದ್ದು ಅದೊಂದೇ. ಕ್ಯಾಲೆಂಡರು ಸಾಲದೆಂದು ಕೇಸರಿ ಹಾಲು, ಅದೂ ಸಾಲದೆಂದು ಗಂಜಾಮಿನ ನಿಮಿಷಾಂಬ ತಾಯಿಗೆ ಹರಕೆ. ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಕಾವೇರಿ ದಡದಲ್ಲಿ ನಿಂತು, "ಇದಾದ್ರೂ ಕೆಂಪಗುಟ್ಲಿ ತಾಯಿ," ಎಂದು ಗಟ್ಟಿಯಾಗಿ ಬೇಡಿಕೊಂಡರು. ಭವ್ಯಾ ಪಕ್ಕದಲ್ಲೇ ನಿಂತು ಪ್ರಸಾದ ತಿನ್ನುತ್ತಿದ್ದಳು. 'ಇದು' ಯಾವುದು, 'ಇದಾದರೂ' ಎಂದಾಗ ಕೆಟ್ಟುಹೋದ 'ಅದು' ಯಾವುದು ಎಂದು ಆ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಿನ್ನುವುದನ್ನು ನಿಲ್ಲಿಸಿ ಮಿಕ್ಕದ್ದನ್ನು ಮೀನಿಗೆ ಹಾಕಿದಳು.

ಸವಿತಾ ಕೆಟ್ಟವಳಲ್ಲ. ಒಂದು ದಿನ ನನ್ನ ಹತ್ತಿರ ಮೆಲ್ಲಗೆ, "ಗಂಡಾಗ್ಬುಟ್ರೆ ಕಪ್ಪಗಿದ್ರೂ ನಡೀತದೆ ಅಲ್ವಾ ಅತ್ತೆ?" ಅಂದಳು. ಹೌದು, ಗಂಡಿಗೆ 'ಆದ್ರೂ' ಇಲ್ಲ.

ಆ ಶನಿವಾರ ಭವ್ಯಾ ಅಮ್ಮನ ಮಂಚ ಹತ್ತಿ ಪುಸ್ತಕ ಬಿಡಿಸಿದಳು. "ಅಮ್ಮ, ಈ ಕುಂಬ್ಳಕಾಯಿ ನೋಡು, ನಿನ್ ಒಟ್ಟೆಯಂಗೇ ಐತೆ." ಸವಿತಾ ಬಹಳ ದಿನದ ಮೇಲೆ ನಕ್ಕಳು. ಅಷ್ಟರಲ್ಲಿ ಕೇಸರಿ ಹಾಲು ಹಿಡಿದು ಬೀಗಿತಿ ಬಂದರು.

"ಇದೇನೇ ತಂದಿದ್ದೀಯೆ? ಬಸುರಿ ಕಣ್ ಮುಂದೆ ಇಂಥದ್ ಇಟ್ರೆ ಉಟ್ಟೋದು ಎಂಗುಟ್ಟೀತು?" ಎಂದು ಕಿತ್ತುಕೊಂಡರು.

"ಜಯಕ್ಕ, ನೋಡಿದ್ದೇ ಉಟ್ಟೋದಾದ್ರೆ ನಿಮ್ ಮಗ್ಳು ದಿನಾ ಎಮ್ಮೆ ನೋಡ್ತಾಳಲ್ಲ," ಅಂದೆ ನಾನು.

"ನೀವ್ ಸುಮ್ಕಿರಿ ಕೆಂಪಕ್ಕ. ಕರ್ಗಿರೋ ಎಣ್ಮಕ್ಳ ಕಷ್ಟ ನಿಮ್ಗೇನ್ ಗೊತ್ತು? ನಾಳೆ ಯಾರ್ ಮಾಡ್ಕತಾರೆ?"

ಇದನ್ನು ನನಗೆ ಹೇಳಿದರು, ನನ್ನ ಮುಖ ನೋಡಿಕೊಂಡೇ. "ನನ್ನೂ ಒಬ್ಬ ಮಾಡ್ಕಂಡ ಕಣಕ್ಕ," ಅಂದೆ.

"ಆ ಕಾಲ ಬೇರೆ."

"ಕಾಲ ಬೇರೆ. ಬಾಯಿ ಅದೇ."

ಬೀಗಿತಿ ಪುಸ್ತಕವನ್ನು ಅಟ್ಟಕ್ಕೆ ಎಸೆದರು. ನನ್ನ ಮಗ ಡೈರಿಯಲ್ಲಿ ಹಾಲು ಅಳೆಯುತ್ತಾನೆ, ಮನೆಯಲ್ಲಿ ಮಾತನ್ನೂ ಅಳೆದೇ ಆಡುತ್ತಾನೆ. ಆವತ್ತು ಅದೂ ಖಾಲಿ. ಎದ್ದು ಹೊರಗೆ ಹೋದ.

ಸೋಮವಾರ ಬೀಗಿತಿ ಊರ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಶಾಲೆಗೆ ಹೋದರು. ಬಸುರಿ ಇರುವ ಮನೆಗೆ ಕರಿ ಮಕ್ಕಳ ಚಿತ್ರ ಕಳಿಸುತ್ತಾರೆಂದು ದೂರು. ಹೆಡ್ಮಾಸ್ಟರು ಎಲ್ಲರಿಗೂ ಹೂಂ ಅನ್ನುವ ಮನುಷ್ಯ, ನಿವೃತ್ತಿ ಹತ್ತಿರ ಬಂದ ಮೇಲೆ ಇನ್ನೂ ಬೇಗ ಹೂಂ ಅನ್ನುತ್ತಿದ್ದರು. ಬಸುರಿ ಇರುವ ಮನೆಗೆ ಪುಸ್ತಕ ಕೊಡಕೂಡದು ಎಂದು ತೀರ್ಮಾನ ಮಾಡಿದರು. ಅದರಿಂದ ಏನಾಯಿತೆಂದರೆ, ಪುಸ್ತಕ ಕೊಡುವ ಮೊದಲು ಪಾಪ ಮಿಸ್ಸು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೇಳಬೇಕಾಯಿತು, ನಿಮ್ಮ ಮನೆಯಲ್ಲಿ ಬಸುರಿ ಇದ್ದಾರಾ ಎಂದು. "ನಮ್ಮತ್ತೆ ದಿನಾ ವಾಂತಿ ಮಾಡ್ತಾವ್ಳೆ ಮಿಸ್ಸು, ಆದ್ರೆ ಈಗ್ಲೇ ಯಾರ್ಗೂ ಯೋಳ್ಬಾರ್ದು ಅಂದವ್ರೆ," ಅಂದ ಚಂದನ್, ಕೋಣೆಗೆಲ್ಲ ಕೇಳುವಂತೆ. ಸಂಜೆಯೊಳಗೆ ಊರಿಗೇ ಗೊತ್ತಾಯಿತು. ಆ ಮನೆಯವರು ಬಂದು ಇನ್ನೊಂದು ಜಗಳ ತೆಗೆದರು. ಇದೆಲ್ಲ ಯಾಕೆ ಎಂದು ಹೆಡ್ಮಾಸ್ಟರು ಪುಸ್ತಕದ ಪೆಟ್ಟಿಗೆಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನಾನು ಹೋಗಿ ಕೇಳಿದೆ. "ಚಿತ್ರ ನೋಡುದ್ರೆ ಮಗ ಕಪ್ಪಾಯ್ತದಾ ಸಾ? ನೀವ್ ಓದ್ದೋರು, ಯೋಳಿ."

"ಇಲ್ಲ ಕಣಮ್ಮ, ನೀವು ಹೇಳೋದು ಸರಿ," ಅಂದರು ಹೆಡ್ಮಾಸ್ಟರು. "ಆದ್ರೂ ಜನ ಇದಾರಲ್ಲ."

ಓದಿದವರ ಬಾಯಲ್ಲೂ ಅದೇ ಬಂತು. ಬಾಗಿಲಲ್ಲಿ ನಿಂತಿದ್ದ ಮಿಸ್ಸಿನ ಮುಖ ನೋಡಲಾಗದೆ ಎದ್ದು ಬಂದೆ.

ಬೇಸಿಗೆ ರಜೆ ಬಂತು, ಅತಿಥಿಯ ಅವಧಿ ಮುಗಿಯಿತು. ಮಿಸ್ಸು ಪೆಟ್ಟಿಗೆಯನ್ನು ಹಗ್ಗದಲ್ಲಿ ಬಿಗಿದು ಬಸ್ಸು ಕಾಯುತ್ತ ನಿಂತಿದ್ದಳು. ಒಂದು ಪುಸ್ತಕ ನಮ್ಮ ಅಟ್ಟದಲ್ಲಿತ್ತು. ಏಣಿ ಹತ್ತಿ ತಂದುಕೊಡುತ್ತೇನೆ ಅಂದೆ, ನನ್ನ ಮಂಡಿಯ ಮೇಲೆ ನನಗೇ ನಂಬಿಕೆ ಇಲ್ಲದಿದ್ದರೂ.

"ಅಲ್ಲೇ ಇರಲಿ ಬಿಡಿ ಅಜ್ಜಿ," ಅಂದಳು. "ಅಟ್ಟ ಅಂದ ಮೇಲೆ ಯಾರಾದ್ರೂ ಹತ್ತೇ ಹತ್ತುತ್ತಾರೆ."

ಬಸ್ಸು ಬಂತು, ಹೋದಳು. ಮಾರನೆಯ ವರ್ಷಕ್ಕೆ ಅವಳನ್ನು ಕರೆಯಲಿಲ್ಲ. ಆ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಸವಿತಾ ಮಲಗಿದಾಗ ಭವ್ಯಾ ಅವಳ ಪಕ್ಕ ಕೂತು ಏನೋ ಗೊಣಗುತ್ತಿದ್ದಳು. ಮಗ್ಗಿ ಬಾಯಿಪಾಠ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದೆ.

ಹೆರಿಗೆ ನಾಗಮಂಗಲದ ಆಸ್ಪತ್ರೆಯಲ್ಲಾಯಿತು. ಹೆಣ್ಣು. ಹುಟ್ಟಿದ ಮಗು ಯಾವುದಾದರೂ ಕೆಂಪಗೇ ಕಾಣುತ್ತದೆ, ನಿಜವಾದ ಬಣ್ಣ ತಿಳಿಯಬೇಕಾದರೆ ಕಿವಿಯ ಅಂಚು ನೋಡಬೇಕು. ಇದು ನಮ್ಮ ಹೆಂಗಸರೆಲ್ಲರಿಗೂ ಗೊತ್ತಿರುವ ವಿದ್ಯೆ. ಬೀಗಿತಿ ಮಗುವಿನ ಮುಖ ನೋಡಲಿಲ್ಲ, ಬಟ್ಟೆ ಸರಿಸಿ ನೇರ ಕಿವಿ ನೋಡಿದರು. ಕಿವಿಯ ಅಂಚು ನನ್ನದು.

"ಅಂದೇ ಅನ್ಕಂಡೆ ಕಣವ್ವ. ಆ ಪುಸ್ತಕ ಮನೆ ಒಳಿಕ್ ಬಂದ್ಬುಡ್ತಲ್ಲ, ಅದ್ರ ಕೆಲ್ಸ," ಎಂದು ಕೂತುಬಿಟ್ಟರು.

"ನಿಮ್ ಕ್ಯಾಲೆಂಡ್ರು ತಿಂಗ್ಳಾನುಗಟ್ಲೆ ಗೋಡೆ ಮೇಲಿತ್ತು ಜಯಕ್ಕ, ಆ ಪುಸ್ತಕ ಒಂದ್ ಗಳ್ಗೆ ಮಂಚದ್ ಮೇಲಿತ್ತು. ಅಂಗಾದ್ರೆ ಎಷ್ಟ್ ಗಟ್ಟಿ ಪುಸ್ತಕ ಇರ್ಬೇಕು ಅದು," ಅಂದೆ. ಸವಿತಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಗು ಅತ್ತಿತು. ಹಸಿದ ಮಗುವಿಗೆ ದೊಡ್ಡವರ ದುಃಖ ಮುಗಿಯುವ ತನಕ ಕಾಯುವ ತಾಳ್ಮೆ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಸವಿತಾ ಇತ್ತ ತಿರುಗಿ ಮೊಲೆಗೆ ಹಾಕಿಕೊಂಡಳು.

ಮಧ್ಯಾಹ್ನ ಮಹೇಶ ಭವ್ಯಾಳನ್ನು ಕರೆತಂದ. ಅವಳು ಮಗುವಿನ ಕಿವಿ ನೋಡಿದಳು, ಅಂಗೈ ಬಿಡಿಸಿ ನೋಡಿದಳು, ಕಾಲಿನ ಬಟ್ಟೆ ಸರಿಸಿ ಅಂಗಾಲು ನೋಡಿದಳು. ಆ ವಾರ್ಡಿನಲ್ಲಿ ನಮ್ಮ ಕಡೆಯವರ ಪೈಕಿ ನಗುಮುಖ ಅಂತ ಇದ್ದದ್ದು ಅವಳದೊಂದೇ. ನನ್ನ ಸೆರಗು ಹಿಡಿದು ಹೊರಗೆ, ನಲ್ಲಿಯ ಹತ್ತಿರಕ್ಕೆ ಎಳೆದುಕೊಂಡು ಹೋದಳು.

"ಅಜ್ಜಿ, ಯಾರ್ಗೂ ಯೋಳಕ್ಕಿಲ್ಲ ಅಂತ ಆಣೆ ಮಾಡು."

"ಆಣೆಗೀಣೆ ಮಾಡಕ್ಕಿಲ್ಲ. ಅದೇನ್ ಯೋಳು."

"ಪುಸ್ತಕ ಅಟ್ಟದ್ ಮೇಲಿಲ್ಲ. ನಾನ್ ತಗಂಡಿವ್ನಿ. ಅಮ್ಮ ಮಲ್ಗಿದ್ದಾಗ ದಿನಾ ಓದ್ತಿದ್ದೆ, ಚಿತ್ರವ ಒಟ್ಟೆ ಕಡೀಕೆ ತಿರುಗ್ಸಿ ಇಟ್ಕಂಡು."

"ಯಾಕಮ್ಮಿ?"

"ಅದು ಕೆಂಪಗುಟ್ಟುದ್ರೆ ಎಲ್ರೂ ಅದ್ನೇ ಎತ್ಕತಾರೆ. ನನ್ನಂಗಿದ್ರೆ ನಾವ್ ಇಬ್ರಾಯ್ತೀವಲ್ಲ." ಉಸಿರು ತೆಗೆದುಕೊಂಡಳು. "ಜಯಜ್ಜಿ ಯೋಳಿದ್ದು ನಿಜ ಕಣಜ್ಜಿ. ನೋಡು, ಅಂಗೇ ಆಗದೆ."

ಚಿತ್ರ ನೋಡಿದರೆ ಮಗು ಕಪ್ಪಾಗುವುದಿಲ್ಲ. ಈ ಮಾತನ್ನು ನಾನು ಬೀಗಿತಿಗೆ ಹೇಳಿದ್ದೆ, ಹೆಡ್ಮಾಸ್ಟರಿಗೆ ಹೇಳಿದ್ದೆ, ಊರಿನ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆಲ್ಲ ಹೇಳಿ ಜಗಳ ಕಟ್ಟಿಕೊಂಡಿದ್ದೆ. ಆಗಲೂ ನಾಲಿಗೆಯ ತುದಿಗೆ ಬಂತು. ಹುಡುಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ದಾರಿಯುದ್ದಕ್ಕೂ ಯಾರಿಗೂ ಕೊಡದೆ ಕುಂಬಳಕಾಯಿಯನ್ನು ಮನೆ ತನಕ ಹೊತ್ತು ತಂದವಳ ಹಾಗೆ.

"ಚೆನ್ನಾಗ್ ಓದಿದ್ದೀಯೆ ಕಣಮ್ಮಿ," ಅಂದೆ.

ಒಳಗೆ ಹೋಗಿ ಬೀಗಿತಿಯ ಚೀಲಕ್ಕೆ ಕೈ ಹಾಕಿದೆ. ಕೆಂಪು ಮಗುವಿನ ಕೆನ್ನೆಗೆಂದು ತಂದು, ಮುಚ್ಚಳ ತೆಗೆಯದೆ ಹಾಗೇ ಇಟ್ಟಿದ್ದ ಕಾಡಿಗೆ ಡಬ್ಬಿ ಅದರಲ್ಲಿತ್ತು. ಬೀಗಿತಿ ನೋಡುತ್ತಿರುವಾಗಲೇ, ಮಗುವಿನ ಅಂಗಾಲಿಗೊಂದು, ಭವ್ಯಾಳ ಅಂಗಾಲಿಗೊಂದು ಬೊಟ್ಟು ಇಟ್ಟೆ. ಅಲ್ಲಿ ಚೆನ್ನಾಗಿ ಕಾಣುತ್ತದೆ.